ತಿಕ್ಕಿ ತೊಳೆದ ಸೈನ್ಯ

ಆಟದ ಹೊಸ ಆವೃತ್ತಿ ಬಂದಿದೆ ಎನ್ನುವ ಸುದ್ದಿಯನ್ನು ಕೊಟ್ಟೂರಿಗೆ ತಂದವನು ಜಂಬುನಾಥ. ಬಸ್‌ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಅವನಿಗೆ ಮದುವೆಯ ತಿಂಗಳು ಬಿಟ್ಟರೆ ಉಳಿದಂತೆ ಮೊಬೈಲೇ ಗತಿ. ಭಾನುವಾರ ಮಧ್ಯಾಹ್ನ ಅಮೃತಾಳ ಮನೆಯ ಮಾಳಿಗೆ ಮೇಲಿನ ಕೋಣೆಗೆ ಏರಿ ಬಂದವನು ಚಪ್ಪಲಿ ಬಿಡುವ ಮೊದಲೇ ಫೋನನ್ನು ಮುಂದೆ ಹಿಡಿದ. ಕೆಂಪು ರಟ್ಟಿನ ದಪ್ಪ ಪುಸ್ತಕ, ಅದರ ಮೇಲೆ ಕುದುರೆ ಸವಾರರು. ಅಮೃತಾಳಿಗೆ ಒಳಗೊಳಗೇ ಹಿಗ್ಗು. ಅದರ ಹಿಂದೆಯೇ, ಯಾರಾದರೂ ನೋಡಿಬಿಟ್ಟರೋ ಏನೋ ಎನ್ನುವಂತೆ ಮೆಟ್ಟಿಲ ಕಡೆ ತಿರುಗಿದಳು. ಹಿಗ್ಗಿದ್ದನ್ನು ಬಚ್ಚಿಟ್ಟುಕೊಳ್ಳುವುದು ಅವಳಿಗೆ ಚಿಕ್ಕಂದಿನಿಂದ ರೂಢಿ.

ಅದು ಯುದ್ಧದಾಟ. ದಾಳ ಉರುಳಿಸುವುದುಂಟು, ಆದರೆ ಪಗಡೆಯ ಹಾಗೆ ಮನೆಗಳಿಲ್ಲ. ಎರಡು ಮೇಜು ಜೋಡಿಸಿ ಹಸಿರು ಬಟ್ಟೆ ಹಾಸಬೇಕು. ಥರ್ಮೋಕೋಲಿನ ಗುಡ್ಡ, ರಟ್ಟಿನ ಕೋಟೆ ಇಡಬೇಕು. ಹೆಬ್ಬೆರಳಿನಷ್ಟೆತ್ತರದ ಲೋಹದ ಸೈನಿಕರನ್ನು ಸಾಲುಗಟ್ಟಿ ನಿಲ್ಲಿಸಿ, ಟೇಪಿನಲ್ಲಿ ಅಳೆದು ಅಳೆದು ಮುಂದೆ ಸರಿಸಬೇಕು. ಯಾರು ಎಷ್ಟು ದೂರ ನಡೆಯಬಹುದು, ಯಾರ ಕೋವಿ ಎಲ್ಲಿಯವರೆಗೆ ಮುಟ್ಟುತ್ತದೆ, ಹೆದರಿದ ತುಕಡಿ ಯಾವಾಗ ಬೆನ್ನು ತೋರಿಸುತ್ತದೆ, ಎಲ್ಲಕ್ಕೂ ನಿಯಮ. ಆ ನಿಯಮದ ಪುಸ್ತಕ ಇಂಗ್ಲಿಷಿನದು. ಕೆಲವು ವರ್ಷಕ್ಕೊಮ್ಮೆ ಕಂಪನಿಯವರು ನಿಯಮ ತಿದ್ದಿ ಹೊಸ ಆವೃತ್ತಿ ತರುತ್ತಾರೆ. ಆಗ ಹಳೆಯದರಲ್ಲೇ ಆಡಿಕೊಂಡಿರುವುದೋ ಹೊಸದನ್ನು ಕೊಳ್ಳುವುದೋ ಎಂದು ಆಡುವವರ ನಡುವೆ ಜಗಳ ಶುರು. ಕೊಟ್ಟೂರಿನಲ್ಲಿ ಜಗಳಾಡುವುದಕ್ಕೆ ಇದ್ದವರೇ ಮೂವರು: ಜಂಬುನಾಥ, ಕೂಡ್ಲಿಗಿಯಿಂದ ಬೈಕಿನಲ್ಲಿ ಬರುವ ಹೈಸ್ಕೂಲಿನ ದೈಹಿಕ ಶಿಕ್ಷಕ ಬೀರಲಿಂಗೇಶ್, ಮತ್ತು ಅಮೃತಾ.

ಅಮೃತಾ ಹಿರೇಹಡಗಲಿಯ ಕಿರಾಣಿ ಅಂಗಡಿಯವರ ಮಗಳು. ಅಂಗಡಿಯ ಕಟ್ಟೆಯ ಮೇಲೆ ಕಾಕಂದಿರು ಸುಣ್ಣದಲ್ಲಿ ಮನೆ ಬರೆದು ಹುಲಿಕಟ್ಟೆ ಆಡುವಾಗ ಅವಳು ಕಂಬಕ್ಕೆ ಒರಗಿ ನೋಡುತ್ತಿದ್ದಳು. ಹುಲಿ ಎಲ್ಲಿ ಸಿಕ್ಕಿಬೀಳುತ್ತದೆ ಎಂದು ಆಡುವವರಿಗಿಂತ ಮುಂಚೆ ಅವಳಿಗೆ ಕಾಣಿಸುತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಯಾರಾದರೊಬ್ಬರು, ಅಮೃತಾ, ಚಾ ತಗಂಬಾ ಹೋಗು ಅನ್ನುವರು. ಚಹಾ ತರುವಷ್ಟರಲ್ಲಿ ಆಟ ಮುಗಿದಿರುವುದು. ಹಡಗಲಿಯಲ್ಲಿ ಬಿ.ಕಾಂ. ಮುಗಿಸಿ, ಕೊಟ್ಟೂರಿನ ಶೇಂಗಾ ವ್ಯಾಪಾರದ ಮನೆಗೆ, ಎರಡನೆಯ ಮಗ ಅರುಣಕುಮಾರನ ಹೆಂಡತಿಯಾಗಿ ಬಂದಳು. ಹಗರಿಬೊಮ್ಮನಹಳ್ಳಿಯ ಒಂದು ಪತ್ತಿನ ಸಂಘದಲ್ಲಿ ಕೆಲಸ ಸಿಕ್ಕಿತು. ದಿನವೂ ಬಸ್ಸಿನಲ್ಲಿ ಹೋಗಿಬರುವುದು.

ಆಟ ಅವಳ ಹತ್ತಿರ ಬಂದದ್ದು ಇಂಗ್ಲಿಷಿನ ದೆಸೆಯಿಂದ. ಯಾರೋ ಆಡುವುದು ಬಿಟ್ಟು ಮಾರಿದ ಹಳೆಯ ಸೈನ್ಯವನ್ನು, ಅದರ ಪುಸ್ತಕದ ಸಮೇತ, ಜಂಬುನಾಥ ತರಿಸಿಕೊಂಡಿದ್ದ. ಓದಲು ಹೋದರೆ ತಲೆಬುಡ ತಿಳಿಯಲಿಲ್ಲ. ಗೆಳೆಯ ಅರುಣಕುಮಾರನ ಹೆಂಡತಿ ಓದಿದವಳಲ್ಲವೇ ಎಂದು ಪುಸ್ತಕ ತಂದು ಅವಳ ಮುಂದಿಟ್ಟ. ಅವಳು ಒಂದು ಮಳೆಗಾಲವಿಡೀ ಭಾನುವಾರಗಳಲ್ಲಿ ಕೂತು ಓದಿ, ಇಬ್ಬರಿಗೂ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ಆಡುವವಳೂ ಆದಳು. ಸೈನಿಕರಿಗೆ ಬಣ್ಣ ಬಳಿಯುವುದನ್ನೂ ಅವಳೇ ಕಲಿತಳು. ಕೂದಲಿನಷ್ಟು ಸಣ್ಣ ಕುಂಚದಿಂದ ಪೇಟಕ್ಕೆ ಕೆಂಪು, ಅಂಗಿಯ ಅಂಚಿಗೆ ಹಳದಿ, ಕಣ್ಣಿಗೆ ಒಂದು ಚುಕ್ಕೆ. ಅರುಣಕುಮಾರ ಅಡ್ಡ ಬರಲಿಲ್ಲ. ಮಾಳಿಗೆ ಮೇಲಿನ ಚೀಲದ ಕೋಣೆಯನ್ನು ಖಾಲಿ ಮಾಡಿಸಿಕೊಟ್ಟ. ನನ್ನ ಗಂಡ ಒಳ್ಳೆಯವನು ಎಂದು ಅವಳು ಎಲ್ಲರಿಗೂ ಹೇಳಿಕೊಂಡಳು.

ಹೇಳಿಕೊಳ್ಳದೆ ಬಿಟ್ಟ ಸಂಗತಿ ಒಂದಿತ್ತು. ಆ ಮನೆಯಲ್ಲಿ ಅಡುಗೆಗೆ ಪಾಳಿ. ವಾರದ ದಿನಗಳಲ್ಲಿ ಅಮೃತಾ ಬಸ್ಸಿಗೆ ಓಡಬೇಕಾದ್ದರಿಂದ ಅಡುಗೆಮನೆ ಗಂಗಾಂಬಿಕಾಳದು. ಗಂಗಾಂಬಿಕಾ ಎಂದರೆ ಅವಳ ನೆಗೆಣ್ಣಿ, ಗಂಡನ ಅಣ್ಣ ಶಿವಯೋಗಪ್ಪನ ಹೆಂಡತಿ, ತಂಬ್ರಹಳ್ಳಿಯ ಮಗಳು. ಭಾನುವಾರ ಮಾತ್ರ ಎರಡೂ ಹೊತ್ತು ಅಮೃತಾಳ ಪಾಳಿ. ಅವತ್ತು ಗಂಗಾಂಬಿಕಾ ಒಲೆಯ ಮುಂದೆ ನಿಲ್ಲುವ ಹಾಗಿಲ್ಲ. ಅಮೃತಾಳಿಗೆ ಕೆಲಸ ಸಿಕ್ಕಾಗ ಅತ್ತೆ ನೀಲಗಂಗಮ್ಮ ಮಾಡಿಕೊಟ್ಟ ಏರ್ಪಾಡು ಅದು. ಪುಸ್ತಕ ಓದಲು ಕೂತ ಮೊದಲ ಭಾನುವಾರ ಅಮೃತಾ, ಅಕ್ಕ, ಇದೊಂದು ವಾರ ನೋಡಿಕೋ ಅಂದಿದ್ದಳು. ಮರುವಾರವೂ ಅಂದಳು. ಅದರ ಮರುವಾರ ಏನೂ ಅನ್ನಲಿಲ್ಲ. ಗಂಗಾಂಬಿಕಾ ಕೇಳಲೂ ಇಲ್ಲ. ಭಾನುವಾರ ಹೇಗೆ ಕೈ ಬದಲಾಯಿಸಿತೆಂದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಇಬ್ಬರು ಹೆಂಗಸರನ್ನು ಬಿಟ್ಟು.

ಆ ಮಧ್ಯಾಹ್ನ ಪುಸ್ತಕದ ಬಗ್ಗೆ ಜೋರು ಚರ್ಚೆ ನಡೆಯಿತು. ಬೀರಲಿಂಗೇಶನಿಗೆ ಹೊಸದು ಬೇಕೇ ಬೇಕು. ಅದರಲ್ಲಿ ಏನೇನು ಬದಲಾಗಿದೆ ಎಂದು ಅವನು ಆಗಲೇ ಯೂಟ್ಯೂಬಿನಲ್ಲಿ ನೋಡಿಕೊಂಡಿದ್ದ.

"ಇನ್ಮ್ಯಾಲ ಸೈನ್ಯದ ಹಿಂದ ಬುತ್ತಿ ಬಂಡಿ ಇರಬೇಕಂತ್ರಿ ಮೇಡಮ್ಮಾರ. ಬಂಡಿ ಹಿಂದ ಬಿತ್ತಂದ್ರ ಸಿಪಾಯಿಗೆ ಅರ್ಧ ಶಕ್ತಿ."

"ಲೇ, ಅದು ಪುಸ್ತಕ ಮಾರೋ ಹಿಕಮತ್ತು" ಅಂದ ಜಂಬುನಾಥ. "ಇಷ್ಟು ದಿನ ಉಪಾಸ ಬಡದಾಡಿ ಗೆದ್ದಿಲ್ಲೇನು ನಾವು?"

ಅಷ್ಟರಲ್ಲಿ ಗಂಗಾಂಬಿಕಾ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿಯ ತಟ್ಟೆಗಳನ್ನು ತಂದು ಮೇಜಿನ ಅಂಚಿನಲ್ಲಿ ಇಟ್ಟಳು. ಬೀರಲಿಂಗೇಶ್ ತಿರುಗಿ ನೋಡದೆ ಒಂದು ಮಿರ್ಚಿ ತೆಗೆದುಕೊಂಡ. ಅವಳು ಒಂದು ಗಳಿಗೆ ನಿಂತು, ಬಣ್ಣದ ಸೈನಿಕರ ಸಾಲನ್ನು ಆಸೆಯಿಂದ ನೋಡಿ, ಇಳಿದು ಹೋದಳು. ಅಮೃತಾಳ ಗಮನವೆಲ್ಲ ಪುಸ್ತಕದ ಮಾತಿನ ಮೇಲಿತ್ತು.

ತೀರ್ಮಾನ ಅವಳದೇ ಆಗಬೇಕಿತ್ತು. ಯಾರು ದುಡ್ಡು ಹಾಕಿದರೂ ಓದಿ ಹೇಳುವವಳು ಅವಳು. ಹೊಸ ಪುಸ್ತಕವೆಂದರೆ ಮತ್ತೊಂದು ಮಳೆಗಾಲದಷ್ಟು ಭಾನುವಾರ. ದಸರಾ ಮುಗಿದ ಭಾನುವಾರ ಹೇಳುತ್ತೇನೆ ಅಂದಳು. ತರಿಸುವುದೆಂದು ಒಳಗೆ ಆಗಲೇ ಗೊತ್ತಾಗಿತ್ತು. ಭಾನುವಾರಗಳು ಎಲ್ಲಿಂದ ಬರುತ್ತವೆ ಎನ್ನುವುದೂ ಗೊತ್ತಿತ್ತು. ಅದರ ಬಗ್ಗೆ ಯೋಚನೆ ಬಂದಾಗಲೆಲ್ಲ ಅವಳು ಬೇರೆ ಏನನ್ನಾದರೂ ಯೋಚಿಸುತ್ತಿದ್ದಳು.

ಆಯುಧಪೂಜೆಗೆ ಮುಂಚಿನ ವಾರ ಆ ಮನೆಯ ಹೆಂಗಸರಿಗೆ ಬಿಡುವೆಂಬುದಿಲ್ಲ. ಗಂಡಸರು ಪೂಜೆಯ ದಿನ ಮಡಿಯುಟ್ಟು ಕಾಯಿ ಒಡೆಯುತ್ತಾರೆ. ಆ ದಿನಕ್ಕೆ ಮನೆಯ ಲೋಹವೆಲ್ಲ ಮಿಂಚಬೇಕು. ಅಂಗಡಿಯ ತಕ್ಕಡಿ, ತೂಕದ ಬಟ್ಟು, ಈಳಿಗೆ, ಕುಡಗೋಲು, ಹಿತ್ತಾಳೆ ಕೊಡ, ದೇವರ ಸಾಮಾನು, ಒಂದೊಂದನ್ನೂ ಸೋಡಾಪುಡಿಯ ಬಿಸಿನೀರಿನಲ್ಲಿ ನೆನೆಹಾಕಿ, ಹುಣಸೆಹಣ್ಣು, ಬೂದಿ ಹಚ್ಚಿ, ತೆಂಗಿನ ನಾರಿನಿಂದ ತಿಕ್ಕುವುದು. ಅಮೃತಾ ಆ ವಾರ ಸಂಘದಲ್ಲಿ ಕೆಲಸ ಬಹಳ ಎಂದು ತಡವಾಗಿ ಬರುತ್ತಿದ್ದಳು. ಕೆಲಸ ಇದ್ದದ್ದು ನಿಜ. ಅಷ್ಟೊಂದು ಇರಲಿಲ್ಲ.

ಪೂಜೆಯ ದಿನ ಸಂಘದ ಪೂಜೆ ಮುಗಿಸಿಕೊಂಡು ಅವಳು ಮನೆಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರು: ಅತ್ತೆ, ಶಿವಯೋಗಪ್ಪ, ಅರುಣಕುಮಾರ, ಅಂಗಡಿಯಲ್ಲಿ ಚೀಲ ತೂಗುವ ಚೌಡಣ್ಣ, ಪಕ್ಕದ ಮನೆಯ ಪಕ್ಕೀರಮ್ಮ. ಪ್ರಸಾದಕ್ಕೆಂದು ಜಂಬುನಾಥನೂ ಬಂದಿದ್ದ. ತಕ್ಕಡಿ, ಈಳಿಗೆ, ಬೈಕಿನ ಕೀಲಿಗಳ ಮುಂದೆ ಒಂದು ಮಣೆ, ಮಣೆಯ ಮೇಲೆ ಬಿಳಿ ಟವೆಲ್ಲು. ಟವೆಲ್ಲಿನ ಮೇಲೆ ಅವಳ ಸೈನ್ಯ. ಒಬ್ಬ ಸೈನಿಕನ ಮೈಮೇಲೂ ಬಣ್ಣವಿರಲಿಲ್ಲ. ಬೆಳ್ಳಿಯ ಹಾಗೆ ಫಳಫಳ ಹೊಳೆಯುತ್ತ, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಸಾಲಾಗಿ ನಿಂತಿದ್ದರು.

ಗಂಗಾಂಬಿಕಾ ಬಾಗಿಲ ಹತ್ತಿರವೇ ಕಾಯುತ್ತಿದ್ದಳು. ಮುಖ ಅರಳಿತ್ತು. ಕತ್ತಿ, ಕೋವಿ ಇರುವುದು ಈ ಮನೆಯಲ್ಲಿ ನಿನ್ನ ಹತ್ತಿರ ಮಾತ್ರ, ಆಯುಧಪೂಜೆ ಅಂದಮೇಲೆ ಅವನ್ನೇ ಬಿಟ್ಟರೆ ಹೇಗೆ, ಅದಕ್ಕೇ ನಿನಗೆ ಹೇಳದೆ ತೆಗೆದುಕೊಂಡೆ ಎಂದು ಒಂದೇ ಉಸಿರಿಗೆ ಹೇಳಿದಳು. ಬಣ್ಣವೆಲ್ಲ ಹಳತಾಗಿ ಜಿಡ್ಡು ಹಿಡಿದಿತ್ತು, ಎಷ್ಟು ತಿಕ್ಕಬೇಕಾಯಿತು ಗೊತ್ತೇ ಎಂದು ನಕ್ಕಳು. ಜಿಡ್ಡೆಂದು ಅವಳಿಗೆ ಕಂಡದ್ದು ಅಮೃತಾ ನೆರಳು ಮೂಡಲೆಂದು ತಿಂಗಳುಗಟ್ಟಲೆ ಬಳಿದ ಕಂದು ಬಣ್ಣ.

ಅಮೃತಾ ಮಣೆಯ ಹತ್ತಿರ ಹೋಗಿ ಒಬ್ಬ ಸೈನಿಕನನ್ನು ಎತ್ತಿ ನೋಡಿದಳು. ಆಮೇಲೆ ಬಂದ ಮಾತು ಅವಳದೇ ಬಾಯಿಂದ ಬಂತು.

"ಎರಡ ವರ್ಷದ ಕೆಲಸ ಇದು. ಇನ್ನೊಬ್ಬರ ಸಾಮಾನು ಮುಟ್ಟೋ ಮುಂದ ಒಂದು ಮಾತು ಕೇಳಬೇಕಂತ ತಿಳಿಯಂಗಿಲ್ಲೇನು? ಮನ್ಯಾಗ ಕುಂತು ಉಣ್ಣೋರಿಗೆ ಏನು ಗೊತ್ತಾಗತತಿ ಇದು."

ಮನೆಯಲ್ಲಿ ಕುಂತು ಉಣ್ಣುವವರು ಎನ್ನುವುದು ಶಿವಯೋಗಪ್ಪನ ಮಾತು. ಉಪ್ಪು ಹೆಚ್ಚಾದಾಗ, ಅಂಗಿಯ ಗುಂಡಿ ಹೋದಾಗ, ಚಹಾ ತಡವಾದಾಗ ಅವನು ಹೆಂಡತಿಗೆ ಆಡುತ್ತಿದ್ದ ಮಾತು. ಅದನ್ನು ಕೇಳಿದಾಗಲೆಲ್ಲ ಅಮೃತಾ ತನ್ನ ಕೋಣೆಯಲ್ಲಿ ಗಂಡನ ಮುಂದೆ, ನಿಮ್ಮಣ್ಣಗ ನಾಚಿಕಿ ಇಲ್ಲೇನು ಎಂದು ಸಿಡುಕುತ್ತಿದ್ದಳು. ಈಗ ಶಿವಯೋಗಪ್ಪ ಗಂಟಲು ಸರಿಮಾಡಿಕೊಂಡ.

"ಇಷ್ಟು ದಿನ ನಾ ಅಂತಿದ್ದೆ. ಈಗ ಓದಿದಾಕಿನೂ ಅಂದ್ಲು ನೋಡು."

ನೀಲಗಂಗಮ್ಮನೂ ಸೇರಿಸಿದಳು. ಅಮೃತಾ ನೌಕರಿ ಮಾಡುವವಳು, ಅವಳ ವಸ್ತುವಿಗೆ ಕೈ ಹಚ್ಚಬಾರದಿತ್ತು, ದೊಡ್ಡವಳಾಗಿ ಇಷ್ಟು ತಿಳಿಯಬೇಡವೇ. ಪಕ್ಕೀರಮ್ಮ ಹೌದೆಂಬಂತೆ ತಲೆಯಾಡಿಸಿದಳು. ಎಲ್ಲರೂ ಅಮೃತಾಳ ಕಡೆ ನಿಂತರು. ಮದುವೆಯಾಗಿ ಬಂದ ಮೇಲೆ ಆ ಪಡಸಾಲೆ ಒಮ್ಮತದಿಂದ ಅವಳ ಕಡೆ ನಿಂತದ್ದು ಅದೇ ಮೊದಲು. ಅವಳಿಗೆ ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು.

ಗಂಗಾಂಬಿಕಾ ಅಳಲಿಲ್ಲ. ಮಣೆಯ ಮುಂದೆ ಕೂತು ಸೈನಿಕರನ್ನು ಒಬ್ಬೊಬ್ಬರನ್ನಾಗಿ ಟವೆಲ್ಲಿನಿಂದ ಎತ್ತಿ ಡಬ್ಬಿಗೆ ಹಾಕತೊಡಗಿದಳು. ಸೋಡಾಪುಡಿಗೆ ಅವಳ ಬೆರಳ ತುದಿಗಳು ಸುಲಿದು ಕೆಂಪಾಗಿದ್ದವು.

"ಕೆಲಸ ಅಂತ ಗೊತ್ತಿದ್ದಿಲ್ಲ ತಂಗಿ" ಅಂದಳು, ತಲೆ ಎತ್ತದೆ. "ನಾ ಆಟ ಅಂದ್ಕಂಡಿದ್ದೆ. ಐತಾರ ಐತಾರ ಆಟ ಆಡಾಕತ್ತೀಯ ಅಂತನ ನಾನು ಸುಮ್ಮನಿದ್ದೆ, ಆಡ್ಲಿ ಬಿಡು ಅಂತ."

ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ಅಮೃತಾಳಿಗೆ ತಿಳಿಯಲಿಲ್ಲ. ಇಲ್ಲದಿದ್ದರೆ ಇನ್ನೂ ಕಷ್ಟ. ಗಂಗಾಂಬಿಕಾ ಡಬ್ಬಿಯ ಮುಚ್ಚಳ ಒತ್ತಿ ಅವಳ ಕೈಗೆ ಕೊಟ್ಟು, ಊಟಕ್ಕೆ ಎಲೆ ಹಾಕಲು ಒಳಗೆ ಹೋದಳು. ಹೋಳಿಗೆಗೆ ತುಪ್ಪ ಬಡಿಸುವಾಗ ಅಮೃತಾಳ ಎಲೆಗೂ ಎಲ್ಲರಿಗೆ ಹಾಕಿದಷ್ಟೇ ಹಾಕಿದಳು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಜಂಬುನಾಥ ಊಟಕ್ಕೆ ನಿಲ್ಲದೆ ಹೋಗಿಬಿಟ್ಟಿದ್ದ.

ತಪ್ಪಾಯಿತು ಅನ್ನಬೇಕೆಂದು ಅಮೃತಾ ಅವತ್ತೆಲ್ಲ ಹೊಂಚಿದಳು. ಅಡುಗೆಮನೆಗೆ ಹೋದರೆ ಅತ್ತೆ ಇರುತ್ತಿದ್ದಳು. ಹಿತ್ತಲಿಗೆ ಹೋದರೆ ಪಕ್ಕೀರಮ್ಮ. ಎಲ್ಲರ ಮುಂದೆ ಅಂದದ್ದನ್ನು ಎಲ್ಲರ ಮುಂದೆ ತೆಗೆದುಕೊಳ್ಳುವ ಧೈರ್ಯ ಅವಳಿಗೆ ಬರಲಿಲ್ಲ. ಮರುದಿನ ವಿಜಯದಶಮಿ. ಸಂಜೆ ಬನ್ನಿ ಮುಡಿದು ಬಂದವರು ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, ಹಿರಿಯರ ಕಾಲು ಮುಟ್ಟುತ್ತಾರೆ. ಬನ್ನಿ ಕೊಟ್ಟು ತೆಗೆದುಕೊಂಡ ಮೇಲೆ ಹಿಂದಿನ ಜಗಳ ಎತ್ತಬಾರದೆಂಬುದು ಆ ಸೀಮೆಯ ಪದ್ಧತಿ. ಎತ್ತಿದವರೇ ಕೆಟ್ಟವರು. ಅಮೃತಾ ಇದನ್ನು ಮರೆತು, ಬನ್ನಿ ಕೊಡುವಾಗಲೇ ಹೇಳಿದರಾಯಿತೆಂದು ಕಾದಳು. ಎಲೆ ಕೊಟ್ಟು, ಬಗ್ಗಿ ಕಾಲು ಮುಟ್ಟಿದಳು. ಅಕ್ಕ, ನಿನ್ನೆ ಎಂದು ಶುರುಮಾಡುವಷ್ಟರಲ್ಲಿ ಗಂಗಾಂಬಿಕಾ ಎಲೆಯನ್ನು ಕಣ್ಣಿಗೊತ್ತಿಕೊಂಡಳು.

"ಬನ್ನಿ ತಗಂಡು ಬಂಗಾರದಂಗ ಇರೂಣು" ಅಂದಳು. ಚೌಡಣ್ಣನಿಗೂ ಪಕ್ಕೀರಮ್ಮನಿಗೂ ಅಂದದ್ದು ಅದೇ ಮಾತು, ಅದೇ ಧ್ವನಿ. ಮುಂದಿನವರ ಕಡೆ ಕೈಚಾಚಿದಳು.

ಅಲ್ಲಿಗೆ ಮುಗಿಯಿತು. ಜಗಳ ತೀರಿತೆಂದು ಮನೆಯವರೆಲ್ಲ ಅಂದುಕೊಂಡರು. ಅಮೃತಾಳ ಬಾಯಲ್ಲಿದ್ದ ಮಾತು ಅಲ್ಲೇ ಉಳಿಯಿತು, ನುಂಗಲೂ ಬಾರದು, ಉಗುಳಲೂ ಬಾರದು.

ಭಾನುವಾರ ಬೆಳಗಾಗುವ ಮೊದಲೇ ಅವಳು ಅಡುಗೆಮನೆಗೆ ಹೋದಳು. ಗಂಗಾಂಬಿಕಾ ಆಗಲೇ ಎದ್ದು ಹಾಲು ಇಟ್ಟಿದ್ದಳು. ಇಬ್ಬರೇ ಇದ್ದರು. ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ ಮಾತನ್ನು ಅಮೃತಾ ಹೇಳಿದಳು. ಹೊಸ ಪುಸ್ತಕ ತರಿಸುವುದಿಲ್ಲ. ಆಟವನ್ನೇ ಬಿಡುತ್ತೇನೆ. ಇವತ್ತೇ ಅವರಿಬ್ಬರಿಗೂ ಹೇಳಿಬಿಡುತ್ತೇನೆ. ಹೇಳುವಾಗ ತಾನು ಎಷ್ಟು ದೊಡ್ಡದನ್ನು ಬಿಟ್ಟುಕೊಡುತ್ತಿದ್ದೇನೆಂದು ತನಗೇ ಅನ್ನಿಸಿ ಕಣ್ಣು ತುಂಬಿದವು.

ಗಂಗಾಂಬಿಕಾ ಉಕ್ಕುವ ಹಾಲಿಗೆ ಉರಿ ಸಣ್ಣ ಮಾಡಿದಳು.

"ಯಾಕ ಬಿಡ್ತಿ?"

"ನಿನ್ನ ಸಲುವಾಗಿ ಅಕ್ಕ."

"ನನ್ನ ಹೆಸರಲೆ ಬಿಡಬ್ಯಾಡ" ಅಂದಳು ಅವಳು. "ನಾಳಿ ಮನ್ಯಾಗ ಏನಂತಾರ ಗೊತ್ತೈತೇನು? ಗಂಗವ್ವ ಹೊಟ್ಟಿಕಿಚ್ಚಿಗೆ ಬಿಡಿಸಿದ್ಲು ಅಂತಾರ. ಅದನ್ನೂ ನಾನ ಹೊರಬೇಕು. ಬಿಡು ಅಂತ ಯಾರಂದ್ರು ನಿನಗ? ಆಡು. ನಿನ್ನ ಪಾಳಿ ನೀನು ಮಾಡು, ಅಷ್ಟ."

ಅಮೃತಾಳ ಕಣ್ಣಲ್ಲಿ ತುಂಬಿದ್ದ ನೀರಿಗೆ ಈಗ ಬೀಳಲು ಜಾಗವಿರಲಿಲ್ಲ. ತ್ಯಾಗ ಮಾಡಲು ಬಂದಿದ್ದಳು. ಗಂಗಾಂಬಿಕಾ ಅವಳಿಂದ ಬಯಸಿದ್ದು ಬರೀ ಕೆಲಸ. ಅದೂ ಅವಳದೇ ಕೆಲಸ.

ಗಂಗಾಂಬಿಕಾ ಒಲೆಯ ಮುಂದಿನಿಂದ ಸರಿದು ಸೆರಗಿಗೆ ಕೈ ಒರೆಸಿಕೊಂಡಳು. ಹೇಗೂ ನೀನಿದ್ದೀಯ, ತಂಬ್ರಹಳ್ಳಿಗೆ ಹೋಗಿ ತಂಗಿಯನ್ನು ನೋಡಿಕೊಂಡು ಸಂಜೆಗೆ ಬರುತ್ತೇನೆ ಅಂದಳು. ಜಡೆ ಹೆಣೆದುಕೊಂಡು, ಒಂದು ಕೈಚೀಲ ಹಿಡಿದು, ಅತ್ತೆಗೆ ಹೇಳಿ ಬೆಳಗಿನ ಬಸ್ಸಿಗೆ ಹೊರಟೇಬಿಟ್ಟಳು.

ಆ ಮನೆಯ ಒಂದು ದಿನದ ಹೊಟ್ಟೆ ಎಷ್ಟು ದೊಡ್ಡದೆಂದು ಅಮೃತಾ ಮರೆತಿದ್ದಳು. ನಾಷ್ಟಾ ಮುಗಿಯುವಷ್ಟರಲ್ಲಿ ಊಟದ ಹೊತ್ತು. ನಡುವೆ ಅಂಗಡಿಯಿಂದ ಮೂರು ಸಲ ಚಹಾಕ್ಕೆ ಕರೆ. ಮಧ್ಯಾಹ್ನ ಜಂಬುನಾಥ, ಬೀರಲಿಂಗೇಶ್ ಬಂದು ಮಾಳಿಗೆ ಹತ್ತಿ, ಕಾದು ಕಾದು, ಕೆಳಗಿಳಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅವಳ ಮೊಣಕೈವರೆಗೂ ಜೋಳದ ಹಿಟ್ಟಿತ್ತು.

ಬೀರಲಿಂಗೇಶ್ ಬಾಗಿಲ ಚೌಕಟ್ಟು ಹಿಡಿದು, ಪುಸ್ತಕಕ್ಕೆ ಏನು ಮಾಡೋಣ, ಇವತ್ತು ಹೇಳಿದರೆ ಮುಂದಿನ ವಾರಕ್ಕೆ ಕೊರಿಯರ್ ಬರುತ್ತದೆ ಅಂದ. ಅಮೃತಾ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುಗಿದಳು.

"ಇನ್ಮ್ಯಾಲ ಐತಾರ ನನ್ನ ಪಾಳಿ. ಕೆಲಸ ಮುಗಿಸಿ ಮ್ಯಾಲೆ ಬರ್ತೀನಿ, ಆಡೂಣು. ಓದಾಕ ಪುರುಸೊತ್ತಿಲ್ಲ. ಹೊಸಾದು ಬೇಕಂದ್ರ ನೀವು ತರಿಸಿ, ನೀವು ಓದಿ, ನನಗ ತಿಳಿಸಿ ಹೇಳ್ರಿ."

ಬೀರಲಿಂಗೇಶ್ ಹಂಚಿನ ಮೇಲಿನ ರೊಟ್ಟಿ ನೋಡಿದ, ತನ್ನ ಬೈಕಿನ ಕೀಲಿ ನೋಡಿದ.

"ಹಳೇದು ಚಲೋ ಐತಿ ಬಿಡ್ರಿ ಅಕ್ಕಾರ" ಅಂದ ಜಂಬುನಾಥ. "ಇನ್ನೂ ಹರದಿಲ್ಲಲ್ಲ."

ಪುಸ್ತಕದ ಮಾತು ಅಲ್ಲಿಗೆ ನಿಂತಿತು. ಅವತ್ತು ಆಟಕ್ಕೆ ಅವಳಿಗೆ ಸಿಕ್ಕದ್ದು ಒಂದೇ ಒಂದು ಗಂಟೆ. ಬರಿಮೈಯ ಸೈನಿಕರಲ್ಲಿ ಯಾರು ಯಾರ ಕಡೆಯವರೆಂದು ಗುರುತು ಸಿಗದೆ ಮೂವರೂ ಗೊಂದಲಪಟ್ಟು ಅರ್ಧಕ್ಕೇ ಬಿಟ್ಟರು. ಅವಳು ಯಾರ ಮೇಲೂ ಸಿಟ್ಟಾಗಲಿಲ್ಲ.

ಗಂಗಾಂಬಿಕಾ ತಿರುಗಿ ಬಂದಾಗ ದೀಪ ಹಚ್ಚುವ ಹೊತ್ತು. ನೀಲಗಂಗಮ್ಮ ಪಕ್ಕೀರಮ್ಮನ ಜೊತೆ ಕಟ್ಟೆಯ ಮೇಲೆ ಕೂತಿದ್ದಳು. ಅಮೃತಾ ಇಡೀ ದಿನ ಒಬ್ಬಳೇ ಮಾಡಿದಳು, ವಾರವೆಲ್ಲ ನೌಕರಿ ಮಾಡಿ ದಣಿದವಳು, ಒಂದು ಮಾತು ಬೇಸರಪಡಲಿಲ್ಲ, ಇಂಥ ಸೊಸೆ ಯಾರಿಗೆ ಸಿಗುತ್ತಾಳೆ ಎಂದು ಅತ್ತೆ, ದೊಡ್ಡ ಸೊಸೆಗೆ ಚಪ್ಪಲಿ ಬಿಡುವುದಕ್ಕೂ ಬಿಡದೆ ಹೇಳಿದಳು. ಪಕ್ಕೀರಮ್ಮ ಹೌದು ಹೌದು ಅಂದಳು. ಒಳಗೆ ನಿಂತಿದ್ದ ಅಮೃತಾಳಿಗೂ ಅದು ಕೇಳಿಸಿತು. ಈ ಮನೆಯಲ್ಲಿ ಅಡುಗೆ ಮಾಡಿದ್ದಕ್ಕೆ ಯಾರನ್ನಾದರೂ ಹೊಗಳಿದ್ದನ್ನು ಅವಳು ಅವತ್ತಿನವರೆಗೆ ಕೇಳಿರಲಿಲ್ಲ.

ಈ ಸಲ ಅವಳು ಹೊಸ್ತಿಲಿಗೆ ಬಂದಳು.

"ಅತ್ತಿ, ಅಕ್ಕ ದಿನಾ ಮಾಡ್ತಾಳಲ್ರಿ. ಆಕಿಗೆ ಒಂದಿನರ ಹಿಂಗ ಅಂದೀರೇನು?"

"ಆಕಿದು ಬಿಡವ್ವ" ಅಂದಳು ನೀಲಗಂಗಮ್ಮ, ನಗುತ್ತ. "ಆಕಿಗೆ ರೂಢಿ."

ಗಂಗಾಂಬಿಕಾ ಏನೂ ಕೇಳದವಳ ಹಾಗೆ ಕಾಲು ತೊಳೆದುಕೊಂಡು ಒಳಗೆ ಬಂದು, ಸೀದಾ ಒಲೆಯ ಕಡೆ ನಡೆದಳು. ಅಮೃತಾ ಅಡ್ಡ ನಿಂತಳು. ಗೋಡೆಗೆ ಒರಗಿದಂತೆ ಒಂದು ಮಣೆ ಹಾಕಿ, ತಟ್ಟೆ ಇಟ್ಟು, ಬಿಸಿ ರೊಟ್ಟಿ ಹಾಕಿದಳು. ಗಂಡಸರದು ಆಗಿಲ್ಲವಲ್ಲ ಎಂದು ಗಂಗಾಂಬಿಕಾ ಗೊಣಗಿದಳು. ಆಗುತ್ತದೆ, ನೀನು ಕೂಡು ಅಂದಳು ಅಮೃತಾ. ಗಂಗಾಂಬಿಕಾ ಬಾಗಿಲ ಕಡೆ ಒಮ್ಮೆ ನೋಡಿ, ಮಣೆಯ ತುದಿಯಲ್ಲಿ, ಯಾರಾದರೂ ಕರೆದರೆ ಎದ್ದು ಹೋಗುವವಳ ಹಾಗೆ ಕೂತಳು. ಅಂಚು ಒಡೆದ, ನಡುವೆ ದಪ್ಪಗಾದ ರೊಟ್ಟಿಯನ್ನು ಮುರಿದು ಪಲ್ಯಕ್ಕೆ ಹಚ್ಚಿದಳು.

ಚೆನ್ನಾಗಿದೆ ಅನ್ನಲಿಲ್ಲ. ಇನ್ನೊಂದು ಹಾಕು ಅಂದಳು. ಅಮೃತಾ ಬೆನ್ನು ತಿರುಗಿಸಿಕೊಂಡು ಹಿಟ್ಟು ತಟ್ಟುತ್ತಿದ್ದಳು. ಮುಖ ತೋರಿಸಲು ಅವಳಿಗಿನ್ನೂ ಆಗುತ್ತಿರಲಿಲ್ಲ.